ಪ್ಯಾಸ್ಕಲನ ಗಾಲಿಯಿಂದ ಕಂಪ್ಯೂಟರಿಗೆ ಮುನ್ನೂರು ವರ್ಷ ಏಕೆ ಬೇಕಾಯಿತು?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ. ಪ್ಯಾಸ್ಕಲ್ 1642ರಲ್ಲೇ ಕೂಡುವ ಯಂತ್ರಕ್ಕೆ ಕೈಹಾಕಿದ, ಬ್ಯಾಬೇಜ್ 1830ರ ದಶಕದಲ್ಲೇ ಕಂಪ್ಯೂಟರಿನ ನಕ್ಷೆ ಬರೆದ ಎಂದು ಹೇಳಿದ ಕೂಡಲೇ ಮಕ್ಕಳು ಕೇಳುತ್ತಾರೆ: ಹಾಗಾದರೆ ಕಂಪ್ಯೂಟರ್ ಬರಲು 1940ರ ದಶಕದವರೆಗೆ ಏಕೆ ಕಾಯಬೇಕಾಯಿತು? ಆ ಕಾಲದವರಿಗೆ ಸೂಕ್ಷ್ಮವಾದ ಲೋಹದ ಭಾಗಗಳನ್ನು ತಯಾರಿಸಲು ಬರುತ್ತಿರಲಿಲ್ಲ ಎಂದು ಹೇಳುತ್ತಾ ಬಂದಿದ್ದೇನೆ. ಅದು ಸರಿಯೇ? ಜಗತ್ತಿನ ಮೊದಲ ಕಂಪ್ಯೂಟರ್ ಯಾವುದು ಎಂಬುದಕ್ಕೂ ಒಂದೊಂದು ಪುಸ್ತಕ ಒಂದೊಂದು ಹೆಸರು ಕೊಡುತ್ತದೆ. ಯಾವ ಉತ್ತರಕ್ಕೆ ಅಂಕ ಕೊಡಲಿ?

ಉತ್ತರ: ಸೂಕ್ಷ್ಮ ಭಾಗಗಳ ವಿವರಣೆ ಎಲ್ಲ ಪುಸ್ತಕಗಳಲ್ಲೂ ಇದೆ, ಆದ್ದರಿಂದ ನಿಮ್ಮನ್ನು ದೂರುವಂತಿಲ್ಲ. ಆದರೆ ಬ್ಯಾಬೇಜನ ವಿಷಯದಲ್ಲಿ ಅದು ನಿಲ್ಲುವುದಿಲ್ಲ. ಏಕೆಂದು ಮುಂದೆ ಹೇಳುತ್ತೇನೆ. ಮಕ್ಕಳ ಪ್ರಶ್ನೆಗೆ ನಿಜವಾದ ಉತ್ತರ ನೀವು ದಿನವೂ ಕಲಿಸುವ ಪಾಠದಲ್ಲೇ ಇದೆ. ಎಂಟಕ್ಕೆ ಐದು ಕೂಡಿದರೆ ಹದಿಮೂರು. ಮೂರನ್ನು ಬರೆದು, ಒಂದನ್ನು ಕೈಯಲ್ಲಿಟ್ಟುಕೊಂಡು ಮುಂದಿನ ಮನೆಗೆ ಹೋಗಬೇಕು. ಮನುಷ್ಯರಿಗೆ ಇದು ಏಳು ವರ್ಷಕ್ಕೇ ರೂಢಿಯಾಗುತ್ತದೆ. ಯಂತ್ರಕ್ಕೆ ಈ ‘ಕೈಯಲ್ಲಿ ಒಂದು’ ಕಲಿಸಲು ಹೊರಟವರೆಲ್ಲ ಬೆವರಿದ್ದಾರೆ. ಹೀಗೆ ಮುಂದಿನ ಮನೆಗೆ ದಾಟುವ ಒಂದನ್ನೇ ಇಲ್ಲಿ ‘ದಶಕ’ ಎನ್ನುತ್ತೇನೆ, ಹತ್ತು ವರ್ಷದ ದಶಕವಲ್ಲ. ಲೆಕ್ಕದ ಯಂತ್ರಗಳ ಇತಿಹಾಸವನ್ನು ಈ ದಶಕದ ಇತಿಹಾಸವೆಂದೇ ಓದಬಹುದು ಎಂಬುದು ನನ್ನ ಅಭಿಪ್ರಾಯ.

ಮಣಿಚೌಕಟ್ಟಿನಲ್ಲಿ ದಶಕವನ್ನು ದಾಟಿಸುವುದು ನಮ್ಮ ಬೆರಳು. ಜಾನ್ ನೇಪಿಯರ್ 1614ರಲ್ಲಿ ಪ್ರಕಟಿಸಿದ ಲಾಗರಿದಮ್ ಗುಣಾಕಾರವನ್ನು ಸಂಕಲನಕ್ಕೆ ಇಳಿಸಿತು. ಅದರ ಬೆನ್ನಲ್ಲೇ ಬಂದ ಸ್ಲೈಡ್ ರೂಲ್ (ಒಂದರ ಪಕ್ಕ ಒಂದು ಸರಿಯುವ ಅಳತೆಪಟ್ಟಿಗಳು) ಸಂಖ್ಯೆಯನ್ನು ಉದ್ದವಾಗಿ ಬದಲಿಸಿ, ದಶಕದ ಗೊಡವೆಯನ್ನೇ ಬಿಟ್ಟಿತು. ಆದರೆ ಅಳತೆಯ ಮೇಲೆ ನಿಂತ ಸಾಧನ ಮೂರ್ನಾಲ್ಕು ಅಂಕಿಗಳಷ್ಟು ನಿಖರತೆಯನ್ನು ಕೊಡಬಹುದೇ ಹೊರತು, ತೆರಿಗೆ ಲೆಕ್ಕದ ಕೊನೆಯ ಕಾಸನ್ನು ಹೇಳಲಾರದು. ಕೊನೆಯ ಕಾಸೂ ಬೇಕೆಂದವನಿಗೆ ಹಲ್ಲಿನ ಗಾಲಿಯೇ ಗತಿ.

ಗಾಲಿಯ ದಾರಿ ಹಿಡಿದವರಲ್ಲಿ ಪ್ಯಾಸ್ಕಲ್ ಮೊದಲಿಗನಲ್ಲ. ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಹೀಬ್ರೂ ಪ್ರಾಧ್ಯಾಪಕನಾಗಿದ್ದ ವಿಲ್ಹೆಲ್ಮ್ ಶಿಕಾರ್ಡ್ 1623ರಲ್ಲಿ ಖಗೋಳವಿಜ್ಞಾನಿ ಕೆಪ್ಲರನಿಗೆ ಪತ್ರ ಬರೆದು, ತಾನೇ ಕೂಡುವ, ಕಳೆಯುವ ಯಂತ್ರವೊಂದನ್ನು ಮಾಡಿರುವುದಾಗಿ ತಿಳಿಸಿದ. ಮರುವರ್ಷ ಬರೆದ ಇನ್ನೊಂದು ಪತ್ರದಲ್ಲಿ, ಕೆಪ್ಲರನಿಗಾಗಿ ಮಾಡಿಸುತ್ತಿದ್ದ ಪ್ರತಿ ಅರ್ಧಕ್ಕೇ ಬೆಂಕಿಗೆ ಆಹುತಿಯಾಯಿತೆಂಬ ಸುದ್ದಿ ಇದೆ. ಆ ಪತ್ರಗಳೂ ಚಿತ್ರಗಳೂ ಬೆಳಕಿಗೆ ಬಂದು ಯಂತ್ರದ ಮರುನಿರ್ಮಾಣವಾದದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದರಲ್ಲಿ ಪ್ರತಿ ಗಾಲಿಗೂ ಒಂದು ಹೆಚ್ಚುವರಿ ಹಲ್ಲು. ಗಾಲಿ ಒಂಬತ್ತನ್ನು ದಾಟುವಾಗ ಆ ಹಲ್ಲು ಪಕ್ಕದ ಗಾಲಿಯನ್ನು ಒಂದು ಮನೆ ಮುಂದಕ್ಕೆ ತಳ್ಳುತ್ತದೆ. ನೋಡಲು ಸರಳ. ಈಗ ಅದರಲ್ಲಿ 999999 ಇಟ್ಟು ಒಂದನ್ನು ಕೂಡಿ. ಆರೂ ಗಾಲಿಗಳು ಒಟ್ಟಿಗೆ ಹೊರಳಬೇಕು, ಅಷ್ಟನ್ನೂ ತಿರುಗಿಸುವ ಬಲ ಮೊದಲನೆಯ ಗಾಲಿಯ ಮೇಲಿನ ಬೆರಳೊಂದರಿಂದಲೇ ಬರಬೇಕು. ಹಳೆಯ ಸ್ಕೂಟರಿನ ಕಿಲೋಮೀಟರ್ ಪಟ್ಟಿಯಲ್ಲಿ 09999 ಹೊರಳಿ 10000 ಆಗುವಾಗ ಗಾಲಿಗಳು ನಡುವೆ ತಡವರಿಸುವುದನ್ನು ನೀವು ಕಂಡಿರಬಹುದು. ಅಂಕಿಗಳು ಹೆಚ್ಚಿದಷ್ಟೂ ಹಲ್ಲು ಮುರಿಯುವ ಭಯ.

ರೂಆನ್ ಪಟ್ಟಣದಲ್ಲಿ ತೆರಿಗೆ ಅಧಿಕಾರಿಯಾಗಿದ್ದ ತಂದೆಗೆ ನೆರವಾಗಲು ಬ್ಲೇಸ್ ಪ್ಯಾಸ್ಕಲ್ ಯಂತ್ರಕ್ಕೆ ಕೈಹಾಕಿದಾಗ ಅವನಿಗಿನ್ನೂ ಹತ್ತೊಂಬತ್ತರ ಆಸುಪಾಸು. ಆಗಿನ ಫ್ರಾನ್ಸಿನ ನಾಣ್ಯಪದ್ಧತಿ ಅವನ ಕೆಲಸವನ್ನು ಇನ್ನಷ್ಟು ಕೆಡಿಸಿತ್ತು: ಹನ್ನೆರಡು ಡೆನಿಯೇಗೆ ಒಂದು ಸೋಲ್, ಇಪ್ಪತ್ತು ಸೋಲ್‌ಗೆ ಒಂದು ಲೀವ್ರ್. ಹಾಗಾಗಿ ಹಣದ ಲೆಕ್ಕದ ಯಂತ್ರಗಳಲ್ಲಿ ಹತ್ತು ಹಲ್ಲಿನ ಗಾಲಿಗಳ ಜೊತೆಗೆ ಹನ್ನೆರಡರದೂ ಇಪ್ಪತ್ತರದೂ ಇವೆ. ಬಲದ ತೊಡಕನ್ನು ಅವನು ಬಿಡಿಸಿದ ರೀತಿಯನ್ನು ಮೆಚ್ಚದೆ ಇರಲಾಗುವುದಿಲ್ಲ. ಪ್ರತಿ ಗಾಲಿಯೂ ಒಂಬತ್ತರತ್ತ ಸಾಗುತ್ತಾ ಒಂದು ಸಣ್ಣ ತೂಕವನ್ನು ಸ್ವಲ್ಪ ಸ್ವಲ್ಪವಾಗಿ ಮೇಲೆತ್ತುತ್ತದೆ. ಒಂಬತ್ತು ದಾಟಿ ಸೊನ್ನೆಗೆ ಬಂದ ಕ್ಷಣ ತೂಕ ಕಳಚಿ ಬೀಳುತ್ತದೆ, ಬೀಳುತ್ತಲೇ ಪಕ್ಕದ ಗಾಲಿಯನ್ನು ಒಂದು ಮನೆ ಒದೆಯುತ್ತದೆ. ದಶಕ ದಾಟಿಸುವ ಬಲವನ್ನು ಆಯಾ ಗಾಲಿಯೇ ಮೊದಲೇ ಕೂಡಿಟ್ಟುಕೊಂಡಿರುವುದರಿಂದ ಮೊದಲ ಗಾಲಿಗೆ ಹೊರೆಯಿಲ್ಲ. ಅಂಕಿಗಳು ಎಷ್ಟಿದ್ದರೂ ನಡೆಯುತ್ತದೆ.

ಇದಕ್ಕೆ ತೆತ್ತ ಬೆಲೆಯೂ ಇದೆ. ತೂಕ ಒಂದೇ ದಿಕ್ಕಿಗೆ ಬೀಳುವುದರಿಂದ ಗಾಲಿಗಳನ್ನು ಹಿಂದಕ್ಕೆ ತಿರುಗಿಸುವಂತಿಲ್ಲ. ಅಂದರೆ ಯಂತ್ರ ಕಳೆಯಲಾರದು. ಅದಕ್ಕೆ ಪ್ಯಾಸ್ಕಲ್ ಒಂಬತ್ತರ ಪೂರಕವನ್ನು ಬಳಸಿದ. ತರಗತಿಯಲ್ಲಿ ಮಾಡಿಸಿ ನೋಡಿ: 83ರಿಂದ 26 ಕಳೆಯಬೇಕು. 83ರ ಪ್ರತಿ ಅಂಕಿಯನ್ನೂ ಒಂಬತ್ತರಿಂದ ಕಳೆದರೆ 16. ಅದಕ್ಕೆ 26 ಕೂಡಿದರೆ 42. ಅದರ ಪೂರಕ 57, ಬೇಕಾದ ಉತ್ತರ. ಪ್ಯಾಸ್ಕಲನ ಪೆಟ್ಟಿಗೆಯಲ್ಲಿ ಅಂಕಿಯೂ ಅದರ ಪೂರಕವೂ ಎರಡು ಸಾಲುಗಳಲ್ಲಿ ಇರುತ್ತಿದ್ದವು. ಒಂದು ಪಟ್ಟಿಯನ್ನು ಸರಿಸಿ ಬೇಕಾದ ಸಾಲನ್ನು ಓದಿಕೊಳ್ಳಬೇಕಿತ್ತು. ನಿಮ್ಮ ಮೊಬೈಲಿನ ಪ್ರೊಸೆಸರ್ ಇಂದಿಗೂ ವ್ಯವಕಲನವನ್ನು ಪೂರಕ ತೆಗೆದು ಕೂಡಿಯೇ ಮಾಡುತ್ತದೆ, ಒಂಬತ್ತರ ಬದಲು ಎರಡರ ಪೂರಕ, ಅಷ್ಟೇ. 1649ರಲ್ಲಿ ರಾಜಮುದ್ರೆಯ ಹಕ್ಕುಪತ್ರ ಸಿಕ್ಕರೂ ಯಂತ್ರ ಹೆಚ್ಚು ಮಾರಾಟವಾಗಲಿಲ್ಲ. ಬೆಲೆ ಹೆಚ್ಚು, ಗುಮಾಸ್ತರ ಸಂಬಳ ಕಡಿಮೆ. ಈ ಕಾರಣವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತದೆ.

ಜರ್ಮನಿಯ ಗಣಿತಜ್ಞ ಲೈಬ್ನಿಟ್ಸ್ ಗುಣಾಕಾರ ಮಾಡುವ ಯಂತ್ರ ಹೂಡಿ, ಅದರ ಮಾದರಿಯನ್ನು 1673ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ತೋರಿಸಿದ. ಅವನ ಮೆಟ್ಟಿಲುಹಲ್ಲಿನ ಉರುಳೆ (ಹಲ್ಲುಗಳ ಉದ್ದ ಮೆಟ್ಟಿಲಿನಂತೆ ಏರುವಂಥದ್ದು) ಮುಂದಿನ ಇನ್ನೂರು ವರ್ಷ ಲೆಕ್ಕದ ಯಂತ್ರಗಳ ಬೆನ್ನೆಲುಬಾಯಿತು. ಆದರೆ ಅಂಥ ಮಹಾಮೇಧಾವಿಯೂ ದಶಕದಲ್ಲಿ ಎಡವಿದ: ಒಂದು ದಶಕ ಇನ್ನೊಂದನ್ನು ಹುಟ್ಟಿಸಿದಾಗ ಯಂತ್ರ ತಾನಾಗಿ ಪೂರೈಸುತ್ತಿರಲಿಲ್ಲ, ಹೊರಚಾಚಿದ ಬಿಲ್ಲೆಯನ್ನು ನೋಡಿಕೊಂಡು ಬಳಸುವವನೇ ಕೈಯಿಂದ ತಳ್ಳಬೇಕಿತ್ತು. ಅಂಗಡಿಗೆ ಬರುವಷ್ಟು ನಂಬಿಕಸ್ತ ಯಂತ್ರ ಕೊಟ್ಟವನು ವಿಮಾ ವ್ಯವಹಾರದ ಫ್ರೆಂಚ್ ಗೃಹಸ್ಥ ಥಾಮಸ್ ದ ಕೋಲ್ಮಾರ್. ಪೇಟೆಂಟ್ 1820ರದು, ಕ್ರಮವಾದ ತಯಾರಿಕೆ 1850ರ ದಶಕದ್ದು. ನಮ್ಮ ಸಂಖ್ಯಾಶಾಸ್ತ್ರ ವಿಭಾಗಗಳಲ್ಲಿ 1970ರ ದಶಕದಲ್ಲೂ ಕಟಕಟ ಸದ್ದು ಮಾಡುತ್ತಿದ್ದ ಹಿಡಿಕೆಯ ಫೆಸಿಟ್ ಯಂತ್ರಗಳು ಹಲ್ಲಿನ ಗಾಲಿಯ ವಂಶದ ಕೊನೆಯ ಕುಡಿಗಳು.

ಈಗ ಇಂಗ್ಲೆಂಡಿನ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್. ಅವನ ಎರಡು ಯಂತ್ರಗಳನ್ನು ಮಕ್ಕಳು ಒಂದೇ ಎಂದುಕೊಳ್ಳುತ್ತಾರೆ, ಕೆಲವು ಪುಸ್ತಕಗಳೂ. ಮೊದಲನೆಯದು ಡಿಫರೆನ್ಸ್ ಎಂಜಿನ್. 1821ರಲ್ಲಿ ಗೆಳೆಯ ಜಾನ್ ಹರ್ಷಲ್ ಜೊತೆ ಕುಳಿತು ಖಗೋಳ ಕೋಷ್ಟಕಗಳ ತಪ್ಪು ತಿದ್ದುತ್ತಿದ್ದ ಬ್ಯಾಬೇಜ್, ಈ ಲೆಕ್ಕಗಳನ್ನು ಉಗಿಯಂತ್ರವೇ ಮಾಡಬಾರದಿತ್ತೇ ಎಂದು ರೋಸಿ ನುಡಿದದ್ದು ಪ್ರಸಿದ್ಧ. ಯಂತ್ರದ ತತ್ತ್ವ ನಿಮ್ಮ ತರಗತಿಗೆ ಹೇಳಿ ಮಾಡಿಸಿದಂತಿದೆ. ಬ್ಯಾಬೇಜ್ ಸ್ವತಃ ಬಳಸಿದ ಉದಾಹರಣೆ x² + x + 41. x ಸೊನ್ನೆಯಿಂದ ಏರುತ್ತಾ ಹೋದಂತೆ ಬರುವ ಬೆಲೆಗಳು 41, 43, 47, 53, 61. ಅಕ್ಕಪಕ್ಕದವುಗಳ ವ್ಯತ್ಯಾಸ 2, 4, 6, 8. ಆ ವ್ಯತ್ಯಾಸಗಳ ವ್ಯತ್ಯಾಸ ಎಲ್ಲೆಲ್ಲೂ 2. ಹಾಗಾದರೆ ಗುಣಾಕಾರವೇ ಬೇಡ. ಎರಡನ್ನು ಕೂಡುತ್ತಾ ಹೋದರೆ ಕೋಷ್ಟಕ ತಾನಾಗಿ ಬೆಳೆಯುತ್ತದೆ. ಕೂಡುವುದೊಂದೇ ಕೆಲಸವಾದ ಮೇಲೆ ಯಂತ್ರದ ಕಷ್ಟವೂ ಒಂದೇ ಆಗಿ ಉಳಿಯಿತು, ದಶಕ.

ಬ್ರಿಟಿಷ್ ಸರ್ಕಾರ 1823ರಿಂದ ಹಣ ಕೊಟ್ಟಿತು. ಒಟ್ಟು 17,000 ಪೌಂಡಿಗೂ ಹೆಚ್ಚು ಕರಗಿತು, ಆ ಕಾಲದಲ್ಲಿ ಒಂದು ರೈಲು ಎಂಜಿನ್ನು ಸುಮಾರು 800 ಪೌಂಡಿಗೆ ಬರುತ್ತಿತ್ತು. 1832ರಲ್ಲಿ ಯಂತ್ರದ ಏಳನೆಯ ಒಂದರಷ್ಟು ಭಾಗ ಸಿದ್ಧವಾಗಿ ಸೊಗಸಾಗಿ ಕೆಲಸ ಮಾಡಿತು. ಮರುವರ್ಷ ಯಂತ್ರಶಿಲ್ಪಿ ಜೋಸೆಫ್ ಕ್ಲೆಮೆಂಟ್ ಜೊತೆ ಜಗಳವಾಗಿ ಕೆಲಸ ನಿಂತಿತು, 1842ರಲ್ಲಿ ಸರ್ಕಾರ ಕೈತೊಳೆದುಕೊಂಡಿತು.

ನಿಮ್ಮ ‘ಸೂಕ್ಷ್ಮ ಭಾಗಗಳ’ ಉತ್ತರ ಇಲ್ಲಿ ಬೀಳುತ್ತದೆ. ಬ್ಯಾಬೇಜ್ 1840ರ ದಶಕದ ಕೊನೆಯಲ್ಲಿ ಬರೆದ ಎರಡನೆಯ ಡಿಫರೆನ್ಸ್ ಎಂಜಿನ್‌ನ ನಕ್ಷೆಗಳನ್ನು ಹಿಡಿದು ಲಂಡನ್ನಿನ ಸೈನ್ಸ್ ಮ್ಯೂಸಿಯಂ 1991ರಲ್ಲಿ, ಅವನ ಇನ್ನೂರನೆಯ ಹುಟ್ಟುಹಬ್ಬದ ವರ್ಷ, ಆ ಯಂತ್ರವನ್ನು ಕಟ್ಟಿ ಓಡಿಸಿತು. ಭಾಗಗಳ ನಿಖರತೆಯನ್ನು ಬೇಕೆಂದೇ ಅವನ ಕಾಲದ ಕಾರ್ಖಾನೆಗಳಿಗೆ ಸಾಧ್ಯವಿದ್ದ ಮಿತಿಯೊಳಗೆ ಇಟ್ಟಿದ್ದರು. ಲೆಕ್ಕ ಮಾಡುವ ಭಾಗದಲ್ಲೇ ನಾಲ್ಕು ಸಾವಿರ ತುಣುಕುಗಳು, 31 ಅಂಕಿಗಳ ಸಂಖ್ಯೆಗಳು, ಉತ್ತರ ಸರಿ. ಅಷ್ಟೇಕೆ, ಸ್ವೀಡನ್ನಿನ ತಂದೆ ಮಗ ಗೆಯೋರ್ಗ್ ಮತ್ತು ಎಡ್ವರ್ಡ್ ಶೂಟ್ಸ್, ಬ್ಯಾಬೇಜ್ ಬದುಕಿದ್ದಾಗಲೇ, 1853ರಲ್ಲಿ ತಮ್ಮದೇ ಡಿಫರೆನ್ಸ್ ಎಂಜಿನ್ ಮುಗಿಸಿದರು; ಅದು ಅಮೆರಿಕದ ಆಲ್ಬನಿಯ ವೀಕ್ಷಣಾಲಯಕ್ಕೆ ಮಾರಾಟವೂ ಆಯಿತು. ಬ್ಯಾಬೇಜನನ್ನು ಸೋಲಿಸಿದ್ದು ಲೋಹವಲ್ಲ. ಹಣ, ಹಠ, ಮತ್ತು ಒಂದು ಮುಗಿಯುವ ಮೊದಲೇ ಅದಕ್ಕಿಂತ ಒಳ್ಳೆಯದೊಂದು ಹೊಳೆದುಬಿಡುವ ಅವನ ತಲೆ.

ಹಾಗೆ ಹೊಳೆದದ್ದೇ 1834ರ ನಂತರದ ಅನಲಿಟಿಕಲ್ ಎಂಜಿನ್. ಸಂಖ್ಯೆಗಳಿಗೊಂದು ಉಗ್ರಾಣ, ಲೆಕ್ಕ ಮಾಡಲೊಂದು ಗಿರಣಿ, ಆಜ್ಞೆ ಕೊಡಲು ಜಕಾರ್ ಮಗ್ಗದಿಂದ (ನೇಯ್ಗೆಯ ಚಿತ್ತಾರವನ್ನು ತೂತುಗಳಿಂದ ನಡೆಸುವ ಮಗ್ಗ) ಎರವಲು ತಂದ ರಂಧ್ರಪಟ್ಟಿಗಳು, ಫಲಿತಾಂಶ ನೋಡಿ ದಾರಿ ಬದಲಿಸುವ ಏರ್ಪಾಡು. ಕಂಪ್ಯೂಟರಿನ ಅಂಗಾಂಗಗಳೆಲ್ಲ ಕಾಗದದ ಮೇಲೆ ಬಂದಿದ್ದವು. ಮೆನಬ್ರಿಯಾ ಎಂಬ ಇಟಲಿಯ ಎಂಜಿನಿಯರ್ (ಮುಂದೆ ಆ ದೇಶದ ಪ್ರಧಾನಿಯಾದವನು) ಫ್ರೆಂಚಿನಲ್ಲಿ ಬರೆದ ಪರಿಚಯ ಲೇಖನವನ್ನು ಬ್ಯಾಬೇಜನ ಗೆಳತಿ, ಗಣಿತ ಬಲ್ಲ ಏಡಾ ಲವ್‌ಲೇಸ್ 1843ರಲ್ಲಿ ಇಂಗ್ಲಿಷಿಗೆ ತಂದಾಗ, ಮೂಲಕ್ಕಿಂತ ಅವಳ ಟಿಪ್ಪಣಿಗಳೇ ಉದ್ದವಾದವು. ಅವುಗಳಲ್ಲಿ ಬರ್ನೂಲಿ ಸಂಖ್ಯೆಗಳೆಂಬ ಒಂದು ಸಂಖ್ಯಾಸರಣಿಯನ್ನು ಕಂಡುಹಿಡಿಯುವ ಹಂತಗಳ ಪಟ್ಟಿಯೂ ಇದೆ. ‘ಮೊದಲ ಪ್ರೋಗ್ರಾಮರ್’ ಎಂಬ ಬಿರುದಿನ ಜಗಳದಲ್ಲಿ ನನಗೆ ಆಸಕ್ತಿ ಇಲ್ಲ. ಯಂತ್ರ ಸಂಖ್ಯೆಗಳ ಮೇಲಷ್ಟೇ ಅಲ್ಲ, ನಿಯಮಗಳಿಗೆ ಒಳಪಡುವ ಯಾವುದೇ ಸಂಕೇತದ ಮೇಲೂ, ಸಂಗೀತದ ಸ್ವರಗಳ ಮೇಲೂ ಕೆಲಸ ಮಾಡಬಲ್ಲದು ಎಂದು ಅವಳು ಬರೆದಳಲ್ಲ, ಆ ಮಾತಿನ ತೂಕ ಬಿರುದಿಗಿಂತ ಹೆಚ್ಚಿನದು.

ಈ ಯಂತ್ರಕ್ಕಾಗಿ ಬ್ಯಾಬೇಜ್ ದಶಕಕ್ಕೆ ಹೊಸ ಪರಿಹಾರವೊಂದನ್ನು ಹೂಡಿದ. ಅಲ್ಲಿಯವರೆಗಿನ ಯಂತ್ರಗಳಲ್ಲಿ ದಶಕ ಒಂದೊಂದೇ ಮನೆ ದಾಟಿ ಸಾಗುತ್ತಿತ್ತು. ಅಂಕಿಗಳು ಮೂವತ್ತು ನಲವತ್ತಾದರೆ ಕೂಡುವುದಕ್ಕಿಂತ ದಶಕ ದಾಟಿಸುವುದಕ್ಕೇ ಹೆಚ್ಚು ಹೊತ್ತು. ಅವನು ಕೇಳಿಕೊಂಡ ಪ್ರಶ್ನೆ ಇದು: ದಶಕ ಎಲ್ಲಿಗೆ ತಲುಪುತ್ತದೆಂದು ಮೊದಲೇ ತಿಳಿಯಬಹುದಲ್ಲವೇ? ಒಂಬತ್ತು ಇರುವ ಗಾಲಿಗಳು ಬಂದ ದಶಕವನ್ನು ಹಾಗೆಯೇ ಮುಂದಕ್ಕೆ ದಾಟಿಸುತ್ತವೆ, ಒಂಬತ್ತಲ್ಲದ ಮೊದಲ ಗಾಲಿಯಲ್ಲಿ ಅದು ನಿಲ್ಲುತ್ತದೆ. ಹಾಗಾಗಿ ಒಂಬತ್ತುಗಳನ್ನು ಮುಂಚಿತವಾಗಿ ಗುರುತಿಸಿ, ಅವುಗಳನ್ನೆಲ್ಲ ಲೋಹದ ಕೊಂಡಿಗಳಿಂದ ಬೆಸೆದು, ಎಲ್ಲ ದಶಕಗಳನ್ನೂ ಒಂದೇ ಎತ್ತಿಗೆ ಮುಗಿಸುವ ಕೌಶಲ ಅದು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಎಂಜಿನಿಯರುಗಳು ಎಲೆಕ್ಟ್ರಾನಿಕ್ ಸಂಕಲನದ ವೇಗ ಹೆಚ್ಚಿಸಲು ದಶಕವನ್ನು ಮುಂಗಾಣುವ ಮಂಡಲಗಳನ್ನು ರೂಪಿಸಿದಾಗ ಮಾಡಿದ್ದೂ ತತ್ತ್ವದಲ್ಲಿ ಇದನ್ನೇ. ಇಂದಿನ ಚಿಪ್ಪುಗಳಲ್ಲೂ ಅದರ ನಾನಾ ರೂಪಗಳಿವೆ.

ಹಾಗಿದ್ದ ಮೇಲೆ ನೂರು ವರ್ಷ ಏಕೆ ಸುಮ್ಮನೆ ಕಳೆಯಿತು? ಒಂದು ಕಾರಣ ಪ್ಯಾಸ್ಕಲನದೇ: ಮನುಷ್ಯರು ಅಗ್ಗ. ಲೆಕ್ಕ ಹಾಕುವ ನೌಕರರನ್ನೇ ಆಗ ಕಂಪ್ಯೂಟರ್ ಎನ್ನುತ್ತಿದ್ದರು. 1800ರಲ್ಲಿ ಬೆಂಗಳೂರಿನ ಬಳಿ ಆಧಾರರೇಖೆ ಅಳೆದ ಬ್ರಿಟಿಷ್ ಸೇನಾಧಿಕಾರಿ ಲ್ಯಾಂಬ್ಟನ್ ಮುಂದೆ ಮದರಾಸಿನಿಂದ ವಿಸ್ತರಿಸಿದ, ದೇಶವನ್ನು ತ್ರಿಕೋನಗಳಲ್ಲಿ ಅಳೆದ ಮಹಾ ತ್ರಿಕೋನಮಿತಿ ಸರ್ವೇಗೆ 1831ರಲ್ಲಿ ಕಂಪ್ಯೂಟರ್ ಹುದ್ದೆಯ ಮೇಲೆ ಸೇರಿದ ರಾಧಾನಾಥ ಸಿಕ್ದರ್, ಎವರೆಸ್ಟ್ ಶಿಖರದ ಎತ್ತರದ ಲೆಕ್ಕ ಹಾಕಿದವರು. ತಿಂಗಳಿಗೆ ಕೆಲವೇ ರೂಪಾಯಿಗೆ ಅಂಥ ತಲೆ ಸಿಗುವಾಗ ಯಾವ ಸರ್ಕಾರ ಸಾವಿರಾರು ಗಾಲಿಗಳಿಗೆ ಹಣ ಹೂಡೀತು? ಇನ್ನೊಂದು ಕಾರಣ ಆಳವಾದದ್ದು. ಗಾಲಿಗೆ ತೂಕವಿದೆ, ಅದನ್ನು ಹೊರಳಿಸಲು ಹೊತ್ತು ಬೇಕು. ಬ್ಯಾಬೇಜನ ದೊಡ್ಡ ಯಂತ್ರ ಪೂರ್ಣಗೊಂಡಿದ್ದರೂ ಅದು ದಣಿಯದ, ತಪ್ಪದ ಗುಮಾಸ್ತನಾಗುತ್ತಿತ್ತು, ಮಿಂಚಿನ ವೇಗದ ಗುಮಾಸ್ತನಾಗುತ್ತಿರಲಿಲ್ಲ.

ತೂಕವಿಲ್ಲದ ದಶಕ ಬಂದದ್ದು ಟೆಲಿಫೋನ್ ವಿನಿಮಯ ಕೇಂದ್ರದಿಂದ. ಅಲ್ಲಿ ಬಳಸುತ್ತಿದ್ದ ರಿಲೇ ಎಂಬ ವಿದ್ಯುತ್ ಸ್ವಿಚ್ಚಿಗೆ ಎರಡೇ ಸ್ಥಿತಿ, ತೆರೆದದ್ದು ಮತ್ತು ಮುಚ್ಚಿದ್ದು. ಸಂಖ್ಯೆಗಳನ್ನು ದ್ವಿಮಾನದಲ್ಲಿ (ಸೊನ್ನೆ, ಒಂದು ಎಂಬ ಎರಡೇ ಅಂಕಿಗಳಲ್ಲಿ) ಬರೆದರೆ ಒಂಬತ್ತು ದಾಟುವ ಪ್ರಶ್ನೆಯೇ ಇಲ್ಲ. ಒಂದಕ್ಕೆ ಒಂದು ಸೇರಿದರೆ ಸೊನ್ನೆ, ಕೈಯಲ್ಲಿ ಒಂದು. ಆ ಒಂದು ಈಗ ತಂತಿಯಲ್ಲಿ ಹರಿಯುವ ವಿದ್ಯುತ್ತು. ಅಮೆರಿಕದ ಬೆಲ್ ಪ್ರಯೋಗಾಲಯದ ಜಾರ್ಜ್ ಸ್ಟಿಬಿಟ್ಸ್ 1937ರಲ್ಲಿ ಮನೆಯ ಅಡುಗೆಮೇಜಿನ ಮೇಲೆ ಒಂದೆರಡು ರಿಲೇ, ಬಲ್ಬು, ಡಬ್ಬದಿಂದ ಕತ್ತರಿಸಿದ ತಗಡಿನ ಪಟ್ಟಿ ಜೋಡಿಸಿ ಇದನ್ನು ಮಾಡಿ ತೋರಿಸಿದರು. ನಿಮ್ಮ ಶಾಲೆಯ ವಿಜ್ಞಾನ ಮೇಳಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ತೋಚುವುದಿಲ್ಲ, ಮಕ್ಕಳು ಜ್ವಾಲಾಮುಖಿ ಮಾಡುವುದನ್ನು ಕೆಲ ವರ್ಷ ನಿಲ್ಲಿಸಲಿ. ಬರ್ಲಿನ್ನಿನಲ್ಲಿ ಕೊನ್ರಾಡ್ ತ್ಸೂಸ ಎಂಬ ಸಿವಿಲ್ ಎಂಜಿನಿಯರ್ 1941ರ ಮೇ ತಿಂಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ರಿಲೇಗಳ, ರಂಧ್ರಪಟ್ಟಿಯಿಂದ ಆಜ್ಞೆ ಓದುವ ಜ಼ಡ್-3 ಯಂತ್ರವನ್ನು ನಡೆಸಿ ತೋರಿಸಿದರು. 1943ರ ಬಾಂಬ್ ದಾಳಿಯಲ್ಲಿ ಅದು ನಾಶವಾಯಿತು. ಅದು ಎರಡು ಸಂಖ್ಯೆಗಳನ್ನು ಕೂಡಲು ಒಂದು ಸೆಕೆಂಡಿಗಿಂತ ತುಸು ಕಡಿಮೆ ಹೊತ್ತು ತೆಗೆದುಕೊಳ್ಳುತ್ತಿತ್ತು.

ರಿಲೇಯಲ್ಲೂ ಒಂದು ಲೋಹದ ನಾಲಿಗೆ ಅಲುಗಾಡಬೇಕು. ನಿರ್ವಾತ ನಳಿಕೆಯಲ್ಲಿ (ಹಳೆಯ ರೇಡಿಯೋಗಳ ವಾಲ್ವು) ಅಲುಗುವುದು ಎಲೆಕ್ಟ್ರಾನ್ ಮಾತ್ರ. ಅಮೆರಿಕದ ಅಯೋವಾದಲ್ಲಿ ಅಟನಾಸಾಫ್ ಮತ್ತು ಬೆರ್ರಿ ಸುಮಾರು 300 ನಳಿಕೆಗಳ ಯಂತ್ರವನ್ನು 1942ರ ಹೊತ್ತಿಗೆ ಮಾಡಿದರು. ಬ್ರಿಟನ್ನಿನ ಬ್ಲೆಚ್ಲಿ ಪಾರ್ಕಿನಲ್ಲಿ ಅಂಚೆ ಇಲಾಖೆಯ ಎಂಜಿನಿಯರ್ ಟಾಮಿ ಫ್ಲವರ್ಸ್ ಕಟ್ಟಿದ ಕೊಲೋಸಸ್ 1944ರ ಆರಂಭದಿಂದ ಜರ್ಮನ್ ಸೈನ್ಯದ ಗುಪ್ತಲಿಪಿ ಒಡೆಯಲು ದುಡಿಯಿತು. 1970ರ ದಶಕದವರೆಗೂ ಅದರ ಗುಟ್ಟು ಹೊರಬೀಳದ ಕಾರಣ ಹಳೆಯ ಪಠ್ಯಪುಸ್ತಕಗಳಲ್ಲಿ ಆ ಹೆಸರೇ ಇಲ್ಲ.

ಎಲ್ಲರಿಗೂ ಗೊತ್ತಿರುವುದು 1946ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಲೋಕಕ್ಕೆ ತೋರಿಸಿದ ಎನಿಯಾಕ್. ಸುಮಾರು 18,000 ನಳಿಕೆಗಳು, 30 ಟನ್ ತೂಕ, ಸೆಕೆಂಡಿಗೆ 5,000 ಸಂಕಲನ. ಅದರೊಳಗೆ ಇಣುಕಿದರೆ ಸಿಗುವುದು ಪ್ಯಾಸ್ಕಲ್! ಅದನ್ನು ಕಟ್ಟಿದ ಮಾಚ್ಲಿ ಮತ್ತು ಎಕರ್ಟ್ ದ್ವಿಮಾನವನ್ನು ಬಳಸಲೇ ಇಲ್ಲ. ಪ್ರತಿ ಅಂಕಿಗೂ ಹತ್ತು ಸ್ಥಾನಗಳ ಒಂದು ಎಲೆಕ್ಟ್ರಾನಿಕ್ ವರ್ತುಲ, ಅಂಕಿಯೊಂದಕ್ಕೆ 36 ನಳಿಕೆಗಳು. ಸ್ಪಂದನಗಳು ಬಂದಂತೆ ವರ್ತುಲ ಸುತ್ತುತ್ತದೆ, ಒಂಬತ್ತು ದಾಟಿದಾಗ ಪಕ್ಕದ ವರ್ತುಲಕ್ಕೆ ಒಂದು ಸ್ಪಂದನ ಹೋಗುತ್ತದೆ. ಗಾಲಿ ಕಣ್ಣಿಗೆ ಕಾಣದಂತಾಯಿತು, ಆದರೆ ಗಾಲಿಯ ಯೋಚನೆ ಹೋಗಲಿಲ್ಲ. ಕೈಲೆಕ್ಕದಲ್ಲಿ ಹಲವು ಗಂಟೆ ಹಿಡಿಯುತ್ತಿದ್ದ ಫಿರಂಗಿ ಗುಂಡಿನ ಪಥವನ್ನು ಅದು 30 ಸೆಕೆಂಡಿನಲ್ಲಿ, ಗುಂಡು ನೆಲ ಮುಟ್ಟುವುದಕ್ಕೂ ಮೊದಲೇ, ಮುಗಿಸುತ್ತಿತ್ತು. ಆದರೆ ಹೊಸ ಲೆಕ್ಕ ಕೊಡಲು ತಂತಿಗಳನ್ನು ಕಿತ್ತು ಮತ್ತೆ ಸಿಕ್ಕಿಸಿ, ಸಾವಿರಾರು ಗುಂಡಿಗಳನ್ನು ತಿರುಗಿಸಬೇಕು, ದಿನಗಟ್ಟಲೆ ಕೆಲಸ. ಅದನ್ನು ಮಾಡಿದವರು ಆರು ಮಂದಿ ಹೆಂಗಸರು: ಕೇ ಮೆಕ್‌ನಲ್ಟಿ, ಬೆಟ್ಟಿ ಜೆನ್ನಿಂಗ್ಸ್, ಬೆಟ್ಟಿ ಸ್ನೈಡರ್, ಮಾರ್ಲಿನ್ ವೆಸ್ಕಾಫ್, ಫ್ರಾನ್ ಬೈಲಾಸ್, ರೂತ್ ಲಿಕ್ಟರ್‌ಮನ್. ಅದಕ್ಕೆ ಮೊದಲು ಕೈಲೆಕ್ಕದ ಕಂಪ್ಯೂಟರ್ ಹುದ್ದೆಯಲ್ಲಿದ್ದವರೇ ಅವರು.

ಲೆಕ್ಕದ ಆಜ್ಞೆಗಳನ್ನೂ ಸಂಖ್ಯೆಗಳ ಜೊತೆ ಒಂದೇ ನೆನಪಿನಲ್ಲಿ ಇಡುವ ಯೋಚನೆ 1945ರಲ್ಲಿ ಗಣಿತಜ್ಞ ಫಾನ್ ನಾಯ್ಮನ್ ಬರೆದ ಕರಡಿನಿಂದ ಹರಡಿತು. ಅದು ಮೊದಲು ನಡೆದು ತೋರಿಸಿದ್ದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ, 1948ರ ಜೂನ್ 21ರಂದು. ‘ಬೇಬಿ’ ಎಂಬ ಅಡ್ಡಹೆಸರಿನ ಆ ಯಂತ್ರದ ನೆನಪು ಬರೀ 32 ಪದಗಳು (ಒಂದೊಂದು ಸಂಖ್ಯೆ ಅಥವಾ ಆಜ್ಞೆ ಹಿಡಿಸುವ ಮನೆಗಳು), ಪದಕ್ಕೆ 32 ಬಿಟ್, ಅಂದರೆ 32 ದ್ವಿಮಾನ ಅಂಕಿ. 2ರ ಹದಿನೆಂಟನೆಯ ಘಾತಕ್ಕೆ, ಅದೇ ಸಂಖ್ಯೆಯನ್ನು ಬಿಟ್ಟು, ಅತಿದೊಡ್ಡ ಅಪವರ್ತನವನ್ನು ಹುಡುಕಲು ಅದು 52 ನಿಮಿಷ ಓಡಿತು. ಉತ್ತರ ನಿಮ್ಮ ಮಕ್ಕಳು ಬಾಯಲ್ಲೇ ಹೇಳಿಯಾರು, 2ರ ಹದಿನೇಳನೆಯ ಘಾತ, ಅಂದರೆ 1,31,072. ಹೊಸ ಯಂತ್ರವನ್ನು ಪರೀಕ್ಷಿಸಲು ಉತ್ತರ ಗೊತ್ತಿರುವ ಲೆಕ್ಕವೇ ಬೇಕಲ್ಲ. ನನಗೆ ಇಷ್ಟವಾದ ಸಂಗತಿ ಬೇರೆ. ಪ್ಯಾಸ್ಕಲನ ಯಂತ್ರಕ್ಕೆ ಕೂಡುವುದೊಂದೇ ಬರುತ್ತಿತ್ತು. ಬೇಬಿಗೆ ಕಳೆಯುವುದೊಂದೇ ಬರುತ್ತಿತ್ತು. ಕೂಡಬೇಕಾದರೆ ಋಣಸಂಖ್ಯೆಯನ್ನು ಕಳೆಯಬೇಕು. ಅದೂ ಎಲ್ಲ ಬಿಟ್‌ಗಳನ್ನು ಒಟ್ಟಿಗೆ ಅಲ್ಲ. ಚಿಕ್ಕ ಸ್ಥಾನದಿಂದ ಆರಂಭಿಸಿ ಒಂದೊಂದೇ ಸ್ಥಾನ, ಕೈಯಲ್ಲಿ ಉಳಿದ ಒಂದೇ ಒಂದು ಬಿಟ್ಟನ್ನು ಮುಂದಿನ ಸ್ಥಾನಕ್ಕೆ ಒಯ್ಯುತ್ತಾ. ಎರಡನೆಯ ತರಗತಿಯ ಮಗು ಸ್ಲೇಟಿನ ಮೇಲೆ ಮಾಡುವ ಕ್ರಮವೇ ಅದು.

ದಶಕವಿಲ್ಲದ ದಾರಿಯೂ ಅಷ್ಟರಲ್ಲಿ ಮುಚ್ಚಿರಲಿಲ್ಲ. ಸ್ಲೈಡ್ ರೂಲಿನ ಸಂತತಿಯಾದ ಅನಲಾಗ್ ಕಂಪ್ಯೂಟರುಗಳು ವೋಲ್ಟೇಜನ್ನೇ ಸಂಖ್ಯೆಯಾಗಿ ಬಳಸುತ್ತಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1950ರ ದಶಕದ ಮಧ್ಯದಲ್ಲಿ ಕಟ್ಟಿದ ಕಂಪ್ಯೂಟರ್ ಆ ಜಾತಿಯದು. ಮುಂದೆ ದೇಶದ ಕಂಪ್ಯೂಟರ್ ಶಿಕ್ಷಣಕ್ಕೆ ಅಡಿಪಾಯ ಹಾಕಿದ ವಿ. ರಾಜಾರಾಮನ್ ಆಗ ಅಲ್ಲಿ ಅದರ ಕೆಲಸದಲ್ಲಿ ತೊಡಗಿದ್ದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಆರ್. ನರಸಿಂಹನ್ ತಂಡ ಕಟ್ಟಿದ ಡಿಜಿಟಲ್ ಯಂತ್ರ ಟಿಫ್ರಾಕ್ ಪೂರ್ಣಪ್ರಮಾಣದಲ್ಲಿ ಓಡಿದ್ದು 1960ರಲ್ಲಿ.

ಇನ್ನು ಅಂಕಗಳ ವಿಷಯ. ‘ಮೊದಲ ಕಂಪ್ಯೂಟರ್ ಯಾವುದು’ ಎಂಬುದು ವಿಶೇಷಣ ಬಿಟ್ಟುಹೋದ ಪ್ರಶ್ನೆ, ತಪ್ಪು ಪ್ರಶ್ನೆಪತ್ರಿಕೆಯದು. ಆಜ್ಞಾಪಟ್ಟಿಯಂತೆ ತಾನಾಗಿ ನಡೆದ ಮೊದಲನೆಯದೆಂದರೆ ಜ಼ಡ್-3. ಎಲೆಕ್ಟ್ರಾನಿಕ್ ಆಗಿದ್ದು ಯಾವ ಲೆಕ್ಕಕ್ಕಾದರೂ ಒಗ್ಗುವಂಥದ್ದೆಂದರೆ ಎನಿಯಾಕ್. ಆಜ್ಞೆಗಳನ್ನು ತನ್ನ ನೆನಪಿನಲ್ಲೇ ಇಟ್ಟುಕೊಂಡದ್ದೆಂದರೆ ಬೇಬಿ. ಅಟನಾಸಾಫ್ ಎಂದು ಬರೆದವರನ್ನೂ ಹೊಡೆದುಹಾಕುವಂತಿಲ್ಲ: 1973ರಲ್ಲಿ ಅಮೆರಿಕದ ನ್ಯಾಯಾಲಯವೊಂದು ಎನಿಯಾಕ್ ಪೇಟೆಂಟನ್ನು ರದ್ದುಮಾಡುವಾಗ, ಎಲೆಕ್ಟ್ರಾನಿಕ್ ಡಿಜಿಟಲ್ ಕಂಪ್ಯೂಟರಿನ ಮೂಲ ವಿಚಾರವನ್ನು ಅಟನಾಸಾಫರಿಂದ ಪಡೆದದ್ದೆಂದು ತೀರ್ಪು ಕೊಟ್ಟಿದೆ. ನನ್ನನ್ನೇ ಒಂದು ಹೆಸರು ಕೇಳಿದರೆ ಬೇಬಿ ಎನ್ನುತ್ತೇನೆ, ಏಕೆಂದರೆ ಇಂದು ನಾವು ಬಳಸುವುದು ಆ ಜಾತಿಯ ಯಂತ್ರಗಳನ್ನು. ಬೋರ್ಡ್ ಪರೀಕ್ಷೆಯ ಮಾದರಿ ಉತ್ತರದಲ್ಲಿ ಎನಿಯಾಕ್ ಇದ್ದರೆ ಮಕ್ಕಳು ಅದನ್ನೇ ಬರೆಯಲಿ. ನಿಮ್ಮ ತರಗತಿಯ ಪರೀಕ್ಷೆಯಲ್ಲಿ ಮಾತ್ರ, ನಾಲ್ಕರಲ್ಲಿ ಯಾವ ಹೆಸರು ಬರೆದರೂ ಅರ್ಧ ಅಂಕ ಕೊಡಿ, ಯಾವ ಅರ್ಥದಲ್ಲಿ ಅದು ಮೊದಲನೆಯದೆಂದು ಒಂದು ಸಾಲು ಬರೆದವರಿಗೆ ಉಳಿದರ್ಧ.